ಆಕಾಶದ ಸಂಬಳ

ಪ್ರಾಣವನ್ನು ಪಣವಾಗಿ ಒಡ್ಡುವವನಿಗೆ ಏನನ್ನು ಕೊಡಬೇಕು, ಎಷ್ಟನ್ನು ಕೊಡಬೇಕು ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಹಳೆಯ ಶಾಸನಗಳನ್ನು ಓದಿದವರಿಗೆ ಅದರ ಉತ್ತರವೂ ಪರಿಚಿತವೇ. ಕಾಳಗದಲ್ಲಿ ಮೆರೆದು ಬಂದ ವೀರನ ಕತ್ತಿಯನ್ನು ತೊಳೆದು ಅರಸನು ಕೊಡುತ್ತಿದ್ದ ದತ್ತಿಗೆ ‘ಬಾಳ್ಗಚ್ಚು’ ಎಂದು ಹೆಸರು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಇವೆರಡಕ್ಕೂ ಹಿಂದೆ, ಆಳನ್ನು ಒಡೆಯನ ಬಾಗಿಲಲ್ಲಿ ಕಟ್ಟಿ ನಿಲ್ಲಿಸುತ್ತಿದ್ದ ಬೇರೊಂದು ಶಕ್ತಿಯಿತ್ತು; ಅದು ‘ಜೋಳದ ಪಾಳಿ’, ಎಂದರೆ ಉಂಡ ಅನ್ನದ ಋಣ. ಒಂದು ಮಾಡಿದ ಸಾಹಸಕ್ಕೆ, ಇನ್ನೊಂದು ತೆತ್ತ ಪ್ರಾಣಕ್ಕೆ, ಮತ್ತೊಂದು ಉಂಡ ಅನ್ನಕ್ಕೆ. ಈ ಮೂರರಲ್ಲಿ ಯಾವುದೂ ‘ಬಿಟ್ಟು ಹೋಗಬೇಡ’ ಎಂದು ಕೈಹಿಡಿದು ಕೊಟ್ಟ ಹಣವಲ್ಲ.

ಅಂಥ ಹಣವೊಂದು ಇಂದು ಅಮೆರಿಕದ ವಾಯುದಳದಲ್ಲಿ ಬಳಕೆಯಲ್ಲಿದೆ. ಅಲ್ಲಿ ಪೈಲಟ್ ತರಬೇತಿಯನ್ನು ಮುಗಿಸಿ ರೆಕ್ಕೆಯ ಬಿಲ್ಲೆಯನ್ನು ಎದೆಗೆ ಧರಿಸಿದ ಅಧಿಕಾರಿಯು ಆ ದಿನದಿಂದ ಹತ್ತು ವರ್ಷಗಳ ಕಾಲ ಸೇವೆಯಲ್ಲಿರಲೇಬೇಕು. ಅದು ಅವನು ಮೊದಲೇ ಒಪ್ಪಿಕೊಂಡ ಕಟ್ಟು. ಹತ್ತು ವರ್ಷ ತುಂಬಿದ ಮೇಲೆ ಅವನು ಸ್ವತಂತ್ರ. ಆಗ ಅವನ ವಯಸ್ಸು ಮೂವತ್ತನ್ನು ದಾಟಿರುತ್ತದೆ, ಕೈ ಪಳಗಿರುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ, ಹೊರಗೆ ವಿಮಾನ ಕಂಪೆನಿಗಳು ಕಾದಿರುತ್ತವೆ. ಸರಿಯಾಗಿ ಆ ಹೊತ್ತಿಗೆ ದಳವು ಅವನ ಮುಂದೆ ಒಂದು ಕರಾರುಪತ್ರವನ್ನು ಇಡುತ್ತದೆ: ಇನ್ನು ಇಷ್ಟು ವರ್ಷ ನಿಲ್ಲು, ಸಂಬಳ ಭತ್ಯಗಳಲ್ಲದೆ ವರ್ಷಕ್ಕೆ ಇಷ್ಟು ಡಾಲರು ಬೇರೆಯಾಗಿ ನಿನ್ನದು. 2023ರ ಆರ್ಥಿಕ ವರ್ಷದ ರಕ್ಷಣಾ ಶಾಸನವು ಈ ಮೊತ್ತದ ಮೇಲ್ಮಿತಿಯನ್ನು ವರ್ಷಕ್ಕೆ 50,000 ಡಾಲರಿಗೆ ಏರಿಸಿತು. ಅದರ ಬೆನ್ನಲ್ಲೆ ಹನ್ನೆರಡು ವರ್ಷಗಳವರೆಗಿನ ಕರಾರುಗಳೂ ಬಂದವು. ಲೆಕ್ಕ ಹಾಕಿದರೆ ಒಬ್ಬನಿಗೆ 6,00,000 ಡಾಲರು!

ಮೊತ್ತವನ್ನು ಕೇಳಿದೊಡನೆ ಎರಡು ಬಗೆಯ ಮಾತುಗಳು ಹುಟ್ಟುತ್ತವೆ. ‘ದೇಶಸೇವೆಗೆ ಇಷ್ಟೊಂದು ಬೆಲೆಯೆ? ಅದೇ ವಿಮಾನದ ಹೊಟ್ಟೆಯ ಕೆಳಗೆ ಚಳಿಯಲ್ಲಿ ಮಲಗಿ ತಿರುಪು ಬಿಗಿಯುವ ಮೆಕ್ಯಾನಿಕ್ಕನಿಗೆ ಈ ಭಾಗ್ಯ ಏಕಿಲ್ಲ?’ ಎಂಬುದು ಒಂದು ಮಾತು. ‘ಕೊಡದಿದ್ದರೆ ವಿಮಾನ ಹಾರಿಸುವವರಾರು?’ ಎಂಬುದು ಇನ್ನೊಂದು. ಎರಡೂ ಹುರುಳಿಲ್ಲದ ಮಾತುಗಳಲ್ಲ. ಆದರೆ ಎರಡು ಪಕ್ಷದವರೂ ಬೇರೆಬೇರೆ ಮೂರು ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿ ತೂಗುತ್ತಿದ್ದಾರೆ. ಅಪಾಯಕ್ಕೆ ಕೊಡುವ ಹಣ ಬೇರೆ, ವಿದ್ಯೆಗೆ ಕೊಡುವ ಹಣ ಬೇರೆ, ನಿಲ್ಲುವುದಕ್ಕೆ ಕೊಡುವ ಹಣ ಬೇರೆ. ಈ ಮೂರೂ ಹೇಗೆ ಒಂದರ ಹಿಂದೆ ಒಂದು ಬಂದು ಒಂದರೊಳಗೊಂದು ಕಲಸಿಹೋದವು ಎಂಬುದನ್ನು ತಿಳಿಯಲು ನೂರು ವರ್ಷಗಳಿಗೂ ಮಿಕ್ಕ ಕಥೆಯನ್ನು ಒಮ್ಮೆ ನೋಡಬೇಕು.

*

1908ರ ಸೆಪ್ಟೆಂಬರ್ 17ರಂದು ವಾಷಿಂಗ್ಟನ್ನಿನ ಬಳಿಯ ಫೋರ್ಟ್ ಮಯರ್ ಎಂಬಲ್ಲಿ ಆರ್ವಿಲ್ ರೈಟ್ ತನ್ನ ವಿಮಾನವನ್ನು ಸೈನ್ಯದವರಿಗೆ ಹಾರಿಸಿ ತೋರಿಸುತ್ತಿದ್ದನು. ಜೊತೆಯಲ್ಲಿ ಕುಳಿತಿದ್ದವನು ಥಾಮಸ್ ಸೆಲ್ಫ್ರಿಜ್ ಎಂಬ ಲೆಫ್ಟೆನೆಂಟ್. ಯಂತ್ರ ಕೆಟ್ಟು ವಿಮಾನ ನೆಲಕ್ಕೆ ಬಿದ್ದಿತು. ರೈಟ್ ಬದುಕಿಕೊಂಡನು, ಸೆಲ್ಫ್ರಿಜ್ ಸತ್ತನು. ಇಂಜಿನ್ನಿನಿಂದ ಹಾರುವ ವಿಮಾನದಲ್ಲಿ ಪ್ರಾಣ ಬಿಟ್ಟವರಲ್ಲಿ ಅವನೇ ಮೊದಲಿಗ. ಆ ಕಾಲದ ವಿಮಾನಗಳು ಮರ, ಬಟ್ಟೆ, ತಂತಿಗಳ ಗೂಡುಗಳು. ಅನೇಕ ಮಾದರಿಗಳಲ್ಲಿ ಇಂಜಿನ್ನು ಚಾಲಕನ ಬೆನ್ನ ಹಿಂದೆ ಇರುತ್ತಿತ್ತು. ಮೂತಿ ಕೆಳಗಾಗಿ ಬಿದ್ದರೆ ಆ ಭಾರವೆಲ್ಲ ಅವನ ಮೇಲೆಯೇ ಎರಗುತ್ತಿತ್ತು. ಒಬ್ಬರ ಮೇಲೊಬ್ಬರು ಸತ್ತ ಮೇಲೆ, 1914ರ ಫೆಬ್ರುವರಿಯಲ್ಲಿ, ಅಮೆರಿಕದ ಸೈನ್ಯವು ಆ ಬಗೆಯ ವಿಮಾನಗಳ ಹಾರಾಟವನ್ನೇ ಕೈಬಿಟ್ಟಿತು.

ಇಂಥ ಕೆಲಸಕ್ಕೆ ಬರಿಯ ಸಂಬಳ ಸಾಲದೆಂದು 1913ರ ಮಾರ್ಚಿಯಲ್ಲಿ ಅಲ್ಲಿಯ ಶಾಸನಸಭೆಯು ಹಾರಾಟದ ಕೆಲಸಕ್ಕೆ ನೇಮಕವಾದ ಅಧಿಕಾರಿಗಳಿಗೆ ಸಂಬಳದ ಮೇಲೆ ಶೇಕಡ 35ರಷ್ಟನ್ನು ಹೆಚ್ಚಾಗಿ ಕೊಡತಕ್ಕದ್ದೆಂದು ವಿಧಿಸಿತು. ಹಾಗೆ ಪಡೆಯಬಹುದಾದವರ ಸಂಖ್ಯೆ ಮೂವತ್ತನ್ನು ಮೀರಕೂಡದೆಂದೂ ಗೊತ್ತುಮಾಡಿತು. ಮರುವರ್ಷ ಜುಲೈಯಲ್ಲಿ ಬಂದ ಶಾಸನವು ಕಲಿಯುವವನಿಗೆ, ಕಲಿತವನಿಗೆ, ನುರಿತವನಿಗೆ ಬೇರೆಬೇರೆ ಪ್ರಮಾಣಗಳನ್ನು ಏರ್ಪಡಿಸಿತು; ನುರಿತವನಿಗೆ ಸಂಬಳದ ಮೇಲೆ ಶೇಕಡ 75. ಆ ಶಾಸನದಲ್ಲಿಯೇ ಇನ್ನೊಂದು ಕಟ್ಟಳೆಯಿತ್ತು: ವಿಮಾನವಿದ್ಯೆಗೆ ಆರಿಸುವ ಲೆಫ್ಟೆನೆಂಟರು ಮೂವತ್ತು ವರ್ಷ ಮೀರದವರೂ ಮದುವೆಯಾಗದವರೂ ಆಗಿರಬೇಕು! ಹಿಂದೆ ಅಳುವವರಿಲ್ಲದವನನ್ನು ಆರಿಸು, ಇರುವಷ್ಟು ದಿನ ಕೈತುಂಬ ಕೊಡು ಎಂಬ ಆ ನೀತಿ ಕಠೋರವಾದದ್ದು. ಆದರೆ ಹಣ ಯಾವುದಕ್ಕಾಗಿ ಎಂಬುದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ. ಅದು ಸಾವಿನ ನೆರೆಯಲ್ಲಿ ಕೆಲಸಮಾಡುವುದಕ್ಕೆ ಕೊಟ್ಟ ಕೂಲಿ.

ಈ ಏರ್ಪಾಟಿನಲ್ಲಿಯೂ ಒಂದು ಓರೆಯಿತ್ತು. ಸಂಬಳದ ಮೇಲೆ ಇಷ್ಟು ಪಾಲು ಎಂದ ಮೇಲೆ ದೊಡ್ಡ ಅಧಿಕಾರಿಯ ಅಪಾಯಕ್ಕೆ ದೊಡ್ಡ ಬೆಲೆ, ಚಿಕ್ಕ ಅಧಿಕಾರಿಯ ಅಪಾಯಕ್ಕೆ ಚಿಕ್ಕ ಬೆಲೆ ಎಂದಂತಾಯಿತು. ಒಂದೇ ವಿಮಾನ ಬಿದ್ದರೆ ಇಬ್ಬರ ಎಲುಬೂ ಒಂದೇ ಬಗೆಯಾಗಿ ಮುರಿಯುವುದಷ್ಟೆ? 1949ರ ಸಂಬಳ ಶಾಸನವು ಶೇಕಡಾವಾರನ್ನು ತೆಗೆದು ನಿಗದಿಯಾದ ಮೊತ್ತಗಳನ್ನು ತಂದಿತು. ಆದರೂ ಪದವಿಗೆ ತಕ್ಕ ಮೆಟ್ಟಿಲುಗಳು ಉಳಿದೇ ಇದ್ದವು. ಅದಕ್ಕಿಂತ ವಿಚಿತ್ರವಾದದ್ದು ಮುಂದೆ ನಡೆಯಿತು. ಯೌವನದಲ್ಲಿ ಹಾರಿದವರು ಕರ್ನಲ್ಲರೂ ಜನರಲ್ಲರೂ ಆಗಿ ಮೇಜಿನ ಹಿಂದೆ ಕುಳಿತರು. ಕಡತಗಳನ್ನಲ್ಲದೆ ಬೇರೆ ಏನನ್ನೂ ನಡೆಸದಿದ್ದರೂ ಹಾರಾಟದ ಭತ್ಯ ತಿಂಗಳು ತಿಂಗಳು ಕೈಸೇರುತ್ತಿತ್ತು. ವಿಯೆಟ್ನಾಂ ಯುದ್ಧದ ಕೊನೆಗಾಲದಲ್ಲಿ ಜನರ ಕಣ್ಣು ಇದರ ಮೇಲೆ ಬಿತ್ತು. ಹಾರದ ಹುದ್ದೆಗಳಲ್ಲಿದ್ದ ಕರ್ನಲ್ ಮತ್ತು ಅದಕ್ಕಿಂತ ಮೇಲ್ಪಟ್ಟವರ ಭತ್ಯವನ್ನು ಶಾಸನಸಭೆಯು 1973ರಲ್ಲಿ ನಿಲ್ಲಿಸಿಬಿಟ್ಟಿತು.

ಅದರ ಮರುವರ್ಷ, 1974ರಲ್ಲಿ, ತತ್ತ್ವವೇ ಬದಲಾಯಿತು. ಹಾರಾಟದ ಭತ್ಯವು ಇನ್ನು ಮುಂದೆ ಅಪಾಯದ ಕೂಲಿಯಲ್ಲ, ಈ ವೃತ್ತಿಯನ್ನು ಹಿಡಿದು ಮುಂದುವರಿಯುವುದಕ್ಕೆ ಕೊಡುವ ಪ್ರೋತ್ಸಾಹ ಎಂದು ಹೊಸ ಶಾಸನ ಸಾರಿತು. ಭತ್ಯವನ್ನು ಪದವಿಯಿಂದಲ್ಲ, ಹಾರಾಟದ ಸೇವೆಯ ವರ್ಷಗಳಿಂದ ಅಳೆಯಲಾಯಿತು. ನಡುವಯಸ್ಸಿನಲ್ಲಿ, ಬಿಟ್ಟುಹೋಗುವ ಆಸೆ ಹೆಚ್ಚಾಗಿರುವ ಹೊತ್ತಿಗೆ, ಅದು ಶಿಖರ ಮುಟ್ಟುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಇಂತಿಷ್ಟು ವರ್ಷಗಳೊಳಗೆ ಇಂತಿಷ್ಟು ತಿಂಗಳು ನಿಜವಾಗಿ ಹಾರಿದ್ದರೆ ಮಾತ್ರ ಭತ್ಯ ಮುಂದುವರಿಯುವುದೆಂಬ ಗೇಟುಗಳನ್ನೂ ಇಟ್ಟರು. ಇದು ಎರಡನೆಯ ಮಜಲು: ಅಪಾಯ ಹಿಂದೆ ಸರಿಯಿತು, ವಿದ್ಯೆ ಮುಂದೆ ಬಂದಿತು.

ಮೂರನೆಯ ಮಜಲು 1989ರದು. ವಿಮಾನ ಕಂಪೆನಿಗಳು ಸೈನ್ಯದ ಪೈಲಟರನ್ನು ಸೆಳೆಯುತ್ತಿದ್ದ ಕಾಲ. ಭತ್ಯವೊಂದರಿಂದಲೇ ಅವರನ್ನು ನಿಲ್ಲಿಸಲಾಗದೆಂದು ಕಂಡು, ಸೇವೆಯ ಹದಿನಾಲ್ಕನೆಯ ವರ್ಷದವರೆಗೆ ನಿಲ್ಲುವೆನೆಂದು ಬರೆದುಕೊಟ್ಟವರಿಗೆ ವರ್ಷಕ್ಕೆ 12,000 ಡಾಲರುಗಳವರೆಗೆ ಕೊಡುವ ಶಾಸನವಾಯಿತು. 1998ರ ಆರ್ಥಿಕ ವರ್ಷಕ್ಕೆ ಆ ಮಿತಿ 25,000 ಆಯಿತು, 2017ಕ್ಕೆ 35,000, 2023ಕ್ಕೆ 50,000. ಇಲ್ಲಿ ಅಪಾಯದ ಮಾತೂ ಇಲ್ಲ, ವಿದ್ಯೆಯ ಮಾತೂ ಇಲ್ಲ. ಇರುವುದು ಒಂದೇ ಮಾತು: ಹೊರಗಿನವನು ನಿನಗೆಷ್ಟು ಕೊಡುತ್ತಾನೆ?

*

ಹೊರಗಿನವನು ಕೊಡುವುದೆಷ್ಟು ಎಂಬುದನ್ನು ಅರಿಯಬೇಕಾದರೆ ಅಮೆರಿಕದ ವಿಮಾನ ಕಂಪೆನಿಗಳ ಒಂದು ಪದ್ಧತಿಯನ್ನು ತಿಳಿದಿರಬೇಕು. ಅಲ್ಲಿ ಎಲ್ಲವೂ ಜ್ಯೇಷ್ಠತೆಯ ಮೇಲೆ ನಿಂತಿದೆ. ಕೆಲಸಕ್ಕೆ ಸೇರಿದ ದಿನ ಪೈಲಟನಿಗೆ ಒಂದು ಸಂಖ್ಯೆ ದೊರೆಯುತ್ತದೆ. ಯಾವ ವಿಮಾನ, ಯಾವ ಮಾರ್ಗ, ಹಬ್ಬದ ದಿನ ರಜೆಯೋ ಇಲ್ಲವೋ, ಕ್ಯಾಪ್ಟನ್ ಪದವಿ ಎಂದು ಎಂಬುದೆಲ್ಲ ಆ ಸಂಖ್ಯೆಯಿಂದಲೇ ನಿರ್ಣಯವಾಗುತ್ತದೆ. ಒಂದು ದಿನ ತಡವಾಗಿ ಬಂದವನು ಎಂದೆಂದಿಗೂ ಒಂದು ದಿನ ಹಿಂದೆಯೇ. ನಿವೃತ್ತಿಯ ವಯಸ್ಸು 2007ರವರೆಗೆ ಅರವತ್ತಾಗಿದ್ದುದು ಆಮೇಲೆ ಅರವತ್ತೈದಾಯಿತು. ಆದುದರಿಂದ ಸೈನ್ಯದಲ್ಲಿ ಒಂದು ವರ್ಷ ಹೆಚ್ಚಾಗಿ ನಿಂತವನು ಕಳೆದುಕೊಳ್ಳುವುದು ಕಂಪೆನಿಯ ಮೊದಲ ವರ್ಷದ ಸಣ್ಣ ಸಂಬಳವನ್ನಲ್ಲ. ಬಾಳಿನ ಆ ತುದಿಯಲ್ಲಿ, ದೊಡ್ಡ ವಿಮಾನದ ಕ್ಯಾಪ್ಟನ್ ಆಗಿ ಗಳಿಸಬಹುದಾಗಿದ್ದ ಕೊನೆಯ ವರ್ಷದ ದೊಡ್ಡ ಸಂಬಳವನ್ನು. ಮೂವತ್ತಮೂರರ ಪ್ರಾಯದ ಗೃಹಸ್ಥನು ರಾತ್ರಿ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕುವುದು ಇದನ್ನೇ.

ಅವನ ಬೆಲೆಯನ್ನು ಏರಿಸಿದ ಇನ್ನೊಂದು ಸಂಗತಿಯೂ ಉಂಟು. 2009ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಬಳಿ ಪ್ರಯಾಣಿಕರ ವಿಮಾನವೊಂದು ಮನೆಯ ಮೇಲೆ ಬಿದ್ದು ಐವತ್ತು ಜನ ಸತ್ತರು. ಅದರ ಪರಿಣಾಮವಾಗಿ 2010ರಲ್ಲಿ ಶಾಸನವಾಗಿ, 2013ರಿಂದ ಕಂಪೆನಿಯ ಪೈಲಟರೆಲ್ಲರಿಗೂ 1,500 ಗಂಟೆಗಳ ಹಾರಾಟದ ಅನುಭವವಿರಬೇಕೆಂದು ಗೊತ್ತಾಯಿತು. ಸೈನ್ಯದಲ್ಲಿ ತರಬೇತಾದವರಿಗೆ ಮಾತ್ರ 750 ಗಂಟೆ ಸಾಕು ಎಂಬ ರಿಯಾಯಿತಿ. ಸೈನ್ಯದ ಪೈಲಟನ ಎದೆಯ ಮೇಲಿನ ಬಿಲ್ಲೆಗೆ ಹೊರಗಿನ ಸಂತೆಯಲ್ಲಿ ಹೀಗೆ ಬೇಡಿಕೆ ಹೆಚ್ಚಿತು. 2023ರಲ್ಲಿ ಡೆಲ್ಟಾ ಕಂಪೆನಿಯ ಪೈಲಟರು ಮಾಡಿಕೊಂಡ ಒಪ್ಪಂದದಲ್ಲಿ ನಾಲ್ಕು ವರ್ಷಗಳಲ್ಲಿ ಒಟ್ಟು ಶೇಕಡ 34ರಷ್ಟು ಏರಿಕೆ ದೊರೆಯಿತು. ಇತ್ತ ವಾಯುದಳದ ಕಾರ್ಯದರ್ಶಿಯಾಗಿದ್ದ ಹೆದರ್ ವಿಲ್ಸನ್ ಅವರು 2017ರ ಕೊನೆಯಲ್ಲಿಯೇ ಸುಮಾರು 2,000 ಪೈಲಟರ ಕೊರತೆಯಿದೆಯೆಂದು ಬಹಿರಂಗವಾಗಿ ಹೇಳಿದ್ದರು.

ಸರಕಾರದ ಲೆಕ್ಕವೂ ಇಷ್ಟೇ ಸರಳವಾಗಿದೆ. ರ‍್ಯಾಂಡ್ ಎಂಬ ಸಂಶೋಧನ ಸಂಸ್ಥೆಯು 2019ರಲ್ಲಿ ಹೊರತಂದ ವರದಿಯ ಪ್ರಕಾರ, ಎಫ್-16 ಯುದ್ಧವಿಮಾನದ ಪೈಲಟನೊಬ್ಬನನ್ನು ಆರಂಭದ ಅರ್ಹತೆಗೆ ಸಿದ್ಧಪಡಿಸಲು ತಗಲುವ ವೆಚ್ಚ ಸುಮಾರು 56 ಲಕ್ಷ ಡಾಲರು. ಎಫ್-22 ವಿಮಾನಕ್ಕಾದರೆ 1 ಕೋಟಿ 9 ಲಕ್ಷ ಡಾಲರು. ಹನ್ನೆರಡು ವರ್ಷಗಳ ಬೋನಸ್ ಆರು ಲಕ್ಷ ಎಂದರೆ ಮೊದಲನೆಯದರ ಒಂಬತ್ತರಲ್ಲೊಂದು ಪಾಲು. ಪಳಗಿದ ಎತ್ತನ್ನು ಮಾರಿ ಕರುವನ್ನು ಕೊಳ್ಳುವ ರೈತನುಂಟೆ? ಅದೂ ಅಲ್ಲದೆ, ಹೊಸಬನನ್ನು ತಿದ್ದುವವನು ಹಳಬನೇ. ಸ್ಕ್ವಾಡ್ರನ್ನಿನಲ್ಲಿ ಹಳಬರು ಕಡಮೆಯಾದರೆ ಹೊಸಬರಿಗೆ ಜೊತೆಯಲ್ಲಿ ಹಾರುವ ಗುರುಗಳು ಕಡಮೆ. ಗುರುಗಳು ಕಡಮೆಯಾದರೆ ಹೊಸಬರು ಪಳಗುವುದು ನಿಧಾನ. ಹೀಗೆ ಹತ್ತು ಜನ ಹೋದರೆ ಹತ್ತು ಜನರ ನಷ್ಟವಷ್ಟೇ ಅಲ್ಲ. ಮುಂದಿನ ಹತ್ತು ವರ್ಷಗಳ ಬೆಳೆಯ ಬಿತ್ತನೆಬೀಜವೇ ಹೋದಂತೆ.

ಇಷ್ಟರ ಮಟ್ಟಿಗೆ, ‘ಕೊಡದಿದ್ದರೆ ಹಾರಿಸುವವರಾರು?’ ಎಂದವರ ಮಾತು ಗೆದ್ದಿತು ಎನ್ನಬೇಕು.

*

ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ನ್ಯಾಯ ಸರಿಯಾಗುವುದಿಲ್ಲ. ಈ ಬೋನಸ್ಸಿನ ವಿರುದ್ಧ ದೂರು ತರಬಲ್ಲವರು ಒಬ್ಬರಲ್ಲ, ಹಲವರು.

ಮೊದಲನೆಯವನು, ಹೇಗಿದ್ದರೂ ನಿಲ್ಲುತ್ತಿದ್ದ ಪೈಲಟ್. ಅವನಿಗೆ ದಳದ ಮೇಲೆ ಪ್ರೀತಿ, ಕೊಡದಿದ್ದರೂ ಇರುತ್ತಿದ್ದನು. ಅವನಿಗೂ ಬೋನಸ್ ಸಿಕ್ಕಿತು, ಸಂತೋಷ. ಆದರೆ ಅವನಿಗೆ ಕೊಟ್ಟ ಹಣದಿಂದ ಸರಕಾರ ಹೊಸದಾಗಿ ಒಂದು ದಿನದ ಸೇವೆಯನ್ನೂ ಕೊಂಡುಕೊಳ್ಳಲಿಲ್ಲ. ಹಾಗೆಂದು, ಹೊರಡುವವನು ಯಾರು, ನಿಲ್ಲುವವನು ಯಾರು ಎಂದು ಹುಡುಕಿ ಹೊರಡುವವನಿಗೆ ಮಾತ್ರ ಕೊಟ್ಟರೆ, ನಿಷ್ಠೆಗೆ ದಂಡ ವಿಧಿಸಿದಂತಾಗುತ್ತದೆ. ಎಲ್ಲರಿಗೂ ಕೊಟ್ಟರೆ ಪೋಲು, ಕೆಲವರಿಗೆ ಕೊಟ್ಟರೆ ಪಕ್ಷಪಾತ. ವಾಯುದಳವು ಬಹುಮಟ್ಟಿಗೆ ಎಲ್ಲ ಪೈಲಟರಿಗೂ ಹಂಚುವ ದಾರಿಯನ್ನು ಹಿಡಿಯಿತು. ನೌಕಾದಳವು ಕೊರತೆಯಿರುವ ವಿಮಾನಗಳ ಚಾಲಕರಿಗೆ ಹೆಚ್ಚು, ಉಳಿದವರಿಗೆ ಕಡಮೆ ಎಂಬ ದಾರಿಯನ್ನು ಹಿಡಿಯಿತು. ಎರಡು ದಾರಿಗಳಲ್ಲಿಯೂ ಗೊಣಗುವವರಿಗೆ ಕೊರತೆಯಾಗಲಿಲ್ಲ.

ಎರಡನೆಯವನು ವರ್ಷ ತಪ್ಪಿದವನು. ಮೇಲ್ಮಿತಿಯನ್ನು ಏರಿಸಿದಾಗಲೆಲ್ಲ, ಹಿಂದಿನ ವರ್ಷವೇ ಕಡಮೆ ದರಕ್ಕೆ ಬರೆದುಕೊಟ್ಟವನ ಪಾಡೇನು ಎಂಬ ಪ್ರಶ್ನೆ ಏಳುತ್ತದೆ. ಅವನೂ ಹೊಸ ಕರಾರಿನವನೂ ಒಂದೇ ಸಾಲಿನಲ್ಲಿ ವಿಮಾನ ನಿಲ್ಲಿಸುತ್ತಾರೆ, ಒಂದೇ ಮೇಜಿನಲ್ಲಿ ಉಣ್ಣುತ್ತಾರೆ. ಬೇಗನೆ ಒಪ್ಪಿದವನಿಗೆ ಕಡಮೆ, ಕಾದು ಕುಳಿತವನಿಗೆ ಹೆಚ್ಚು ಎಂಬುದು ಸಂತೆಯ ನೀತಿಯಾಗಬಹುದು. ಒಬ್ಬನ ಪ್ರಾಣವನ್ನು ಇನ್ನೊಬ್ಬನ ಎಚ್ಚರಕ್ಕೆ ಒಪ್ಪಿಸಿ ಜೊತೆಯಾಗಿ ಹಾರುವವರ ನಡುವೆ ಅದು ಹಿತವಾದ ನೀತಿಯಲ್ಲ.

ಮೂರನೆಯವನು ಮೀಸಲು ದಳದವನು. ವಾರದ ದಿನಗಳಲ್ಲಿ ಬೇರೆ ಉದ್ಯೋಗ, ತಿಂಗಳಲ್ಲಿ ಕೆಲವು ದಿನ ವಿಮಾನ. ಹಾರಾಟದ ಪರೀಕ್ಷೆಯಲ್ಲಿ ಅವನಿಗೆ ರಿಯಾಯಿತಿಯಿಲ್ಲ, ಪೂರ್ಣಕಾಲದವನಷ್ಟೇ ಪಳಗಿರಬೇಕು. ಆದರೆ ತಿಂಗಳ ಭತ್ಯದಲ್ಲಿ, ಕರ್ತವ್ಯದ ಒಂದು ದಿನಕ್ಕೆ ಮೂವತ್ತರಲ್ಲೊಂದು ಪಾಲು ಎಂದು ಅಳೆದು ಕೊಡುವುದು ಬಹುಕಾಲದ ರೂಢಿ. ಕೌಶಲವು ಸೋಮವಾರದಿಂದ ಶುಕ್ರವಾರದವರೆಗೆ ನಿದ್ದೆಹೋಗಿ ಶನಿವಾರ ಎಚ್ಚರಗೊಳ್ಳುವುದಿಲ್ಲವಲ್ಲ ಎಂಬುದು ಅವನ ವಾದ. ಈ ಅಂತರವನ್ನು ಅಳಿಸಬೇಕೆಂಬ ಮಾತು ಅಲ್ಲಿಯ ಶಾಸನಸಭೆಯ ಮುಂದೆ ಮತ್ತೆ ಮತ್ತೆ ಬಂದಿದೆ.

ನಾಲ್ಕನೆಯವನು ಮೆಕ್ಯಾನಿಕ್. ಅವನಿಗೂ ಅವನಂಥ ಇತರರಿಗೂ, ಕೊರತೆಯಿರುವ ಕಸಬುಗಳಲ್ಲಿ, ಮತ್ತೆ ಸೇವೆಗೆ ಬರೆದುಕೊಟ್ಟಾಗ ಬೋನಸ್ ಸಿಗುವುದುಂಟು. ಆದರೆ ಪೈಲಟನ ಮೊತ್ತಕ್ಕೆ ಅದು ಸಾಟಿಯಲ್ಲ. ಅವನಿಗೆ ಕೊಡಬೇಕಾದ ಉತ್ತರ ಕಷ್ಟದ್ದು. ‘ನಿನ್ನ ಕೆಲಸ ಕಡಮೆಯದು’ ಎಂದರೆ ಸುಳ್ಳಾಗುತ್ತದೆ. ‘ಪೈಲಟನ ಅಪಾಯ ಹೆಚ್ಚು’ ಎಂದರೆ ಅದೂ ಈ ಹಣದ ಮಟ್ಟಿಗೆ ಸುಳ್ಳು. ಏಕೆಂದರೆ ಈ ಹಣವನ್ನು ಅಪಾಯದಿಂದ ಅಳೆದು ಕೊಟ್ಟದ್ದೇ ಅಲ್ಲ.

ಅಪಾಯದ ಅಳತೆ ಎಷ್ಟು ದೂರ ಸರಿದಿದೆ ಎಂಬುದಕ್ಕೆ ಡ್ರೋನ್ ಎಂಬ ಚಾಲಕನಿಲ್ಲದ ವಿಮಾನಗಳೇ ಸಾಕ್ಷಿ. ಅವುಗಳನ್ನು ನಡೆಸುವ ಅಧಿಕಾರಿ ನೆವಾಡದ ಮರುಭೂಮಿಯಲ್ಲಿ ನೆಲದ ಮೇಲೆ, ಕುರ್ಚಿಯಲ್ಲಿ ಕುಳಿತಿರುತ್ತಾನೆ. ವಿಮಾನ ಹಾರುವುದು ಬೇರೆ ಖಂಡದ ಆಕಾಶದಲ್ಲಿ. ಅದು ಬಿದ್ದರೆ ಅವನ ಚಹದ ಬಟ್ಟಲೂ ಅಲುಗದು. ಆದರೂ ಕೆಲಸದ ಹೊರೆ ತಾಳಲಾರದೆ ಅವರು ಬಿಟ್ಟುಹೋಗತೊಡಗಿದಾಗ, 2015ರ ಜನವರಿಯಲ್ಲಿ ಆಗಿನ ಕಾರ್ಯದರ್ಶಿ ಡೆಬೊರಾ ಲೀ ಜೇಮ್ಸ್ ಅವರು, ಕಟ್ಟು ಮುಗಿದ ಮೇಲೂ ನಿಂತವರಿಗೆ ತಿಂಗಳಿಗೆ 650 ಡಾಲರಿನ ಬದಲು 1,500 ಡಾಲರು ಕೊಡುವುದಾಗಿ ಪ್ರಕಟಿಸಿದರು. 1913ರ ಶಾಸನ ಬರೆದವರು ಎದ್ದುಬಂದು ಇದನ್ನು ಕಂಡರೆ ಬೆರಗಾಗುತ್ತಿದ್ದರು. ಆದರೆ ನಗುವುದಕ್ಕೆ ಮುಂಚೆ ಇನ್ನೊಂದು ಮುಖವನ್ನೂ ನೋಡಬೇಕು. ಆ ಕುರ್ಚಿಯಲ್ಲಿ ಕುಳಿತವನು ದಿನವೆಲ್ಲ ತೆರೆಯ ಮೇಲೆ ಮನುಷ್ಯರ ಬಾಳನ್ನು ನೋಡುತ್ತ, ಕೆಲವೊಮ್ಮೆ ಸಾವನ್ನೂ ನೋಡಿ, ಸಂಜೆ ಕಾರು ಹತ್ತಿ ಮನೆಗೆ ಹೋಗಿ ಮಕ್ಕಳಿಗೆ ಊಟ ಬಡಿಸಬೇಕು. ಮೈಗೆ ಅಪಾಯವಿಲ್ಲದ ಕಡೆ ಮನಸ್ಸಿಗೆ ಅಪಾಯವಿಲ್ಲವೆಂದು ಹೇಳಬಲ್ಲವರಾರು? ಅದಕ್ಕೆ ಇನ್ನೂ ತಕ್ಕಡಿ ಸಿದ್ಧವಾಗಿಲ್ಲ.

*

ನ್ಯಾಯದ ಮಾತು ಹಾಗಿರಲಿ. ಹಣ ಕೊಟ್ಟದ್ದರಿಂದ ಕೆಲಸವಾದರೂ ಆಯಿತೆ? 2017ರಲ್ಲಿ ಮೇಲ್ಮಿತಿ 35,000 ಡಾಲರಿಗೆ ಏರಿತಷ್ಟೆ. ಆ ವರ್ಷ ಅರ್ಹರಾದ ಪೈಲಟರಲ್ಲಿ ಬೋನಸ್ಸಿಗೆ ಸಹಿಹಾಕಿದವರು ಅರ್ಧಕ್ಕಿಂತಲೂ ಕಡಮೆ. ಏಕೆ? ಮೊದಲನೆಯ ಕಾರಣ ಬೆಲೆಯೇರಿಕೆ. 1998ರಲ್ಲಿ 25,000 ಡಾಲರಿಗೆ ಸಿಗುತ್ತಿದ್ದ ಸಾಮಾನನ್ನು 2016ರಲ್ಲಿ ಕೊಳ್ಳಲು ಸುಮಾರು 36,000 ಡಾಲರು ಬೇಕಾಗಿತ್ತು. ಎಂದ ಮೇಲೆ ದೊಡ್ಡ ಸದ್ದಿನೊಂದಿಗೆ ಬಂದ 35,000 ಏರಿಕೆಯೇ ಅಲ್ಲ. ಹದಿನೆಂಟು ವರ್ಷಗಳಲ್ಲಿ ಸವೆದುಹೋದ ನಾಣ್ಯಕ್ಕೆ ಹಾಕಿದ ತೇಪೆ.

ಎರಡನೆಯ ಕಾರಣವು ಹಣಕ್ಕೆ ಸಂಬಂಧಿಸಿದ್ದೇ ಅಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಹತ್ತನೆಯ ಶತಮಾನದಲ್ಲಿ, ಚೋಳರೊಡನೆ ತಕ್ಕೋಲದಲ್ಲಿ ನಡೆದ ಯುದ್ಧದ ಕಾಲದಲ್ಲಿ, ಗಂಗರ ಬೂತುಗನ ಆಳಾಗಿ ಕಾದಿದ ಮಣಲೆರನೆಂಬ ವೀರನಿಗೆ ‘ಮೆಚ್ಚಿದೆ, ಬೇಕಾದುದನ್ನು ಕೇಳಿಕೋ’ ಎಂಬ ಮಾತು ದೊರೆಯಿತು. ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು! ಬಾಳ್ಗಚ್ಚಿನ ಊರುಗಳು ಆಮೇಲೆ ದೊರೆತವು. ಆಳಿಗೆ ಏನು ಬೇಕು ಎಂಬುದನ್ನು ಒಡೆಯನು ತಾನೇ ಊಹಿಸಿಕೊಳ್ಳದೆ ಅವನನ್ನೇ ಕೇಳಿದ್ದು ಒಡೆಯನ ದೊಡ್ಡತನ.

ಅಮೆರಿಕದ ಪೈಲಟರನ್ನು ಕೇಳಿದಾಗಲೂ ಬಂದ ಉತ್ತರ ಮೊದಲು ಹಣದ ಬಗೆಗಲ್ಲ. ಮನೆಯಿಂದ ತಿಂಗಳುಗಟ್ಟಲೆ ದೂರವಿರುವ ನಿಯೋಜನೆಗಳು. ಹೆಂಡತಿಯ ಉದ್ಯೋಗವನ್ನೂ ಮಕ್ಕಳ ಶಾಲೆಯನ್ನೂ ಕಿತ್ತು ಬೇರೆಡೆ ನೆಡಬೇಕಾದ ವರ್ಗಾವಣೆಗಳು. ಹಾರಲೆಂದು ಬಂದವನನ್ನು ಕಾಗದಪತ್ರಗಳಿಗೆ ಕಟ್ಟಿಹಾಕುವ ಉಪಕಾರ್ಯಗಳು. ಸಾಲದ ಹಾರಾಟದ ಗಂಟೆಗಳು. ಈ ದೂರುಗಳೇ ಮತ್ತೆ ಮತ್ತೆ ಕೇಳಿಬಂದವು. ಮದುವೆಯಾಗದವರನ್ನೇ ಆರಿಸಿದ 1914ರ ಶಾಸನಕರ್ತರು ಈ ತೊಡಕನ್ನು ಮೊದಲೇ ಕಂಡಿದ್ದರೇನೋ! 2016ರಲ್ಲಿ ವಾಯುದಳವು ಸ್ಕ್ವಾಡ್ರನ್ನುಗಳ ಮೇಲೆ ಹೇರಿದ್ದ ಉಪಕಾರ್ಯಗಳನ್ನು ಕಡಮೆಮಾಡುವ ಆಜ್ಞೆ ಹೊರಡಿಸಿತು. ಆಮೇಲೆ ಬಂದ ಕರಾರುಗಳಲ್ಲಿ ಕೆಲವರಿಗೆ, ಹಣದ ಒಂದಂಶದ ಬದಲು ಅಥವಾ ಜೊತೆಗೆ, ಮುಂದಿನ ಊರಿನ ಆಯ್ಕೆಯನ್ನು ಕೊಡುವ ಪ್ರಯೋಗವೂ ನಡೆಯಿತು. ಮಣಲೆರನ ನಾಯಿ ಬೇರೆ ವೇಷದಲ್ಲಿ ಬಂದದ್ದು ಹೀಗೆ.

ಸಂತೆಯ ಬೆಲೆಯನ್ನು ನಂಬಿದ ಏರ್ಪಾಟಿಗೆ ಸಂತೆಯ ಚಂಚಲತೆಯೂ ಅಂಟಿಕೊಳ್ಳುತ್ತದೆ. 2020ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ ವಿಮಾನ ಕಂಪೆನಿಗಳು ನೆಲಹಿಡಿದಾಗ ಸೈನ್ಯವನ್ನು ಬಿಡುವವರ ಸಂಖ್ಯೆ ತಾನಾಗಿ ತಗ್ಗಿತು. ಕಂಪೆನಿಗಳು ಚೇತರಿಸಿಕೊಂಡಾಗ ಮತ್ತೆ ಹಳೆಯ ಭಯ. 2023ರ ಜುಲೈಯಲ್ಲಿಯಂತೂ ಸಿಬ್ಬಂದಿ ವೆಚ್ಚಕ್ಕೆ ಹಣ ಸಾಲದೆ ವಾಯುದಳವು ಬೋನಸ್ಸುಗಳನ್ನೇ ಒಮ್ಮೆಲೆ ತಡೆಹಿಡಿದು, ಹಣಕ್ಕೆ ಬೇರೆ ದಾರಿಯಾದ ಮೇಲೆ ಕೆಲವು ದಿನಗಳಲ್ಲಿ ಪುನಃ ತೆರೆಯಿತು. ‘ಹನ್ನೆರಡು ವರ್ಷ ನನ್ನನ್ನು ನಂಬು’ ಎಂದವನು ಹನ್ನೆರಡು ತಿಂಗಳ ಹಣವನ್ನು ಹೊಂದಿಸಿಕೊಳ್ಳಲಾರದೆ ಹೋದನಲ್ಲ ಎಂದು ಜನ ಆಡಿಕೊಂಡರೆ ಆಶ್ಚರ್ಯವೇನು?

*

ಬೀದರಿನ ವಾಯುನೆಲೆಯಲ್ಲಿ ಯುದ್ಧವಿಮಾನದ ಅಭ್ಯಾಸಿಗಳು ಹಾಕ್ ವಿಮಾನಗಳ ಮೇಲೆ ಕೈಪಳಗಿಸುವುದನ್ನೂ, ಯಲಹಂಕದಲ್ಲಿ ಸಾಗಣೆ ವಿಮಾನದ ಅಭ್ಯಾಸಿಗಳು ಏರಿಳಿಯುವುದನ್ನೂ ಬಲ್ಲ ಕನ್ನಡಿಗ ವಾಚಕರಿಗೆ, ಭಾರತದಲ್ಲಿ ಇದು ಹೇಗೆ ಎಂಬ ಕುತೂಹಲ ಸಹಜ. ಇಲ್ಲಿಯ ಅಳತೆಗೋಲು ಬೇರೆ. ಏಳನೆಯ ವೇತನ ಆಯೋಗದ ಸಲಹೆಯ ಮೇಲೆ 2017ರಲ್ಲಿ ಜಾರಿಗೆ ಬಂದ ಏರ್ಪಾಟು, ಅಪಾಯ ಎಷ್ಟು, ಕಷ್ಟ ಎಷ್ಟು ಎಂಬ ಎರಡು ಗೆರೆಗಳನ್ನೆಳೆದು ಒಂದು ಕೋಷ್ಟಕವನ್ನು ಮಾಡಿತು. ಅದರಂತೆ ಹಾರಾಟದ ಅಧಿಕಾರಿಗೆ ಆಗ ಗೊತ್ತಾದ ಭತ್ಯ ತಿಂಗಳಿಗೆ 25,000 ರೂಪಾಯಿ. ಕೋಷ್ಟಕದ ತುತ್ತತುದಿಯಲ್ಲಿ ಪೈಲಟನಿಲ್ಲ; ಸಿಯಾಚಿನ್ನಿನ ಹಿಮದಲ್ಲಿ ನಿಂತವನಿದ್ದಾನೆ. ಅಲ್ಲಿಯ ಅಧಿಕಾರಿಗೆ 42,500 ರೂಪಾಯಿ, ಸಿಪಾಯಿಗೆ 30,000 ರೂಪಾಯಿ. ಈ ಅಂಕಿಗಳು ಸಾಲವು, ಇವುಗಳ ನಡುವಣ ಅಂತರ ಸರಿಯಲ್ಲ ಎಂದು ವಾದಿಸುವವರುಂಟು. ಆದರೆ ಕೋಷ್ಟಕವನ್ನು ಸಿಪಾಯಿಯ ಮುಂದೆ ಬಿಡಿಸಿಟ್ಟು ‘ಇದು ಇದಕ್ಕಾಗಿ’ ಎಂದು ವಿವರಿಸಬಹುದು. ಅದು ಸಣ್ಣ ಗುಣವಲ್ಲ.

ಹಾಗಾದರೆ ಅಮೆರಿಕದ ಬೋನಸ್ಸು ಅನ್ಯಾಯವೆ? ಹೌದೆಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸರಿಯಾಗಲಾರದು. ಹತ್ತು ವರ್ಷಗಳ ಕಟ್ಟನ್ನು ಪೂರೈಸಿದವನು ತನ್ನ ಋಣವನ್ನು ತೀರಿಸಿದ್ದಾನೆ. ಅವನನ್ನು ಮತ್ತೆ ಹನ್ನೆರಡು ವರ್ಷ ಬೇಡುವವರು ಬರಿಗೈಯಲ್ಲಿ ಬೇಡಬಾರದು. ದೇಶಭಕ್ತಿಯ ಹೆಸರಿನಲ್ಲಿ ಅಗ್ಗದ ಕೂಲಿಗೆ ಹಿಡಿದಿಡುವುದಕ್ಕಿಂತ, ಬೆಲೆಯನ್ನು ಬಾಯಿಬಿಟ್ಟು ಹೇಳಿ ಒಪ್ಪಿಗೆ ಕೇಳುವುದು ಎಷ್ಟೋ ಪ್ರಾಮಾಣಿಕವಾದದ್ದು. ಅನ್ಯಾಯ ಹುಟ್ಟುವುದು ಮೊತ್ತದ ದೊಡ್ಡತನದಲ್ಲಲ್ಲ, ಹೆಸರಿನ ಗೊಂದಲದಲ್ಲಿ. ಸಂತೆಯ ಬೆಲೆಗೆ ಶೌರ್ಯದ ಬಿರುದನ್ನು ತೊಡಿಸಿದಾಗ, ಬಿರುದು ಸಿಗದ ಮೆಕ್ಯಾನಿಕ್ಕನು ತನ್ನ ಶೌರ್ಯ ಕಡಮೆಯೆಂದು ಸರಕಾರ ತೀರ್ಮಾನಿಸಿತೆಂದು ತಿಳಿಯುತ್ತಾನೆ.

ಆದುದರಿಂದ ಮೂರು ಚೀಲಗಳನ್ನು ಮೂರಾಗಿಯೇ ಇಡುವುದು ಲೇಸು. ಅಪಾಯದ ಹಣವು ಅದೇ ಅಪಾಯವನ್ನು ಎದುರಿಸುವ ಎಲ್ಲರಿಗೂ, ಅಧಿಕಾರಿಯಿರಲಿ ಸಿಪಾಯಿಯಿರಲಿ, ಪೂರ್ಣಕಾಲದವನಿರಲಿ ಮೀಸಲಿನವನಿರಲಿ, ಸಮನಾಗಿ ಸಲ್ಲಬೇಕು. ವಿದ್ಯೆಯ ಹಣವು ಬೆಲೆಯೇರಿಕೆಯೊಡನೆ ತಾನೂ ಏರಬೇಕೇ ಹೊರತು ಹದಿನೆಂಟು ವರ್ಷ ಒಂದೇ ಕಡೆ ನಿಂತು ತುಕ್ಕುಹಿಡಿಯಬಾರದು. ನಿಲ್ಲುವುದಕ್ಕೆ ಕೊಡುವ ಹಣವನ್ನು ಬೆಲೆಯೆಂದೇ ಕರೆದು, ಕೊರತೆ ಎಲ್ಲಿದೆಯೋ ಅಲ್ಲಿಗೆ, ಕಾರಣವನ್ನು ಎಲ್ಲರಿಗೂ ತಿಳಿಸಿ ಕೊಡಬೇಕು. ಮೊದಲು ಒಪ್ಪಿದವನು ಅದರಿಂದ ಸೋಲದಂತೆಯೂ ನೋಡಿಕೊಳ್ಳಬೇಕು. ಇಷ್ಟಾದ ಮೇಲೂ ಹಣದಿಂದ ಕೊಳ್ಳಲಾಗದ ಒಂದು ಅಂಶ ಉಳಿಯುತ್ತದೆ. ಮಗಳ ಪರೀಕ್ಷೆಯ ತಿಂಗಳಲ್ಲಿ ಮನೆಯಲ್ಲಿರುವೆನೋ ಇಲ್ಲವೋ ಎಂಬುದನ್ನು ಆರು ತಿಂಗಳು ಮುಂಚೆ ತಿಳಿಯುವ ನೆಮ್ಮದಿ ಅಂಥದು. ಅದನ್ನು ಕೊಡಲು ಡಾಲರು ಬೇಕಾಗಿಲ್ಲ. ಆಡಿದ ಮಾತನ್ನು ನಡೆಸುವ ಆಡಳಿತ ಬೇಕು. ಜೋಳದ ಪಾಳಿ ಆಳಿಗೆ ಮಾತ್ರ ಸೇರಿದ್ದಲ್ಲ. ಹತ್ತು ವರ್ಷ ಒಬ್ಬನ ಯೌವನವನ್ನು ಉಂಡ ಒಡೆಯನಿಗೂ ಅದರ ಋಣವಿದೆ.